ಮಾಳಿಗೆ ಮೇಲೆ ನೀರು, ಹೊರಸಿನ ಕೆಳಗೆ ಕೆಂಡ

ಗವಿಸಿದ್ದೇಶ ತೀರಿಕೊಂಡ. ಸೋಮವಾರ ಮಧ್ಯಾಹ್ನ, ಹೂವಿನಹಡಗಲಿಯ ತನ್ನ ಹೂವಿನ ದಲ್ಲಾಳಿ ಅಂಗಡಿಯಲ್ಲಿ ಗೋಡೆಗೆ ಒರಗಿ ಕುಳಿತವನು ಹಾಗೆಯೇ ಹೋದ. ಎದುರಿನ ಚಹಾದಂಗಡಿಯವನು ಲೋಟ ಹಿಡಿದು ಬಂದು ಕರೆದನಂತೆ. ನಿದ್ದೆ ಹತ್ತಿರಬೇಕು ಅಂದುಕೊಂಡು ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು ಹೋದನಂತೆ. ಹೃದಯ ನಿಂತಿದೆ ಎಂದರು ವೈದ್ಯರು.

ಅವನೂ ನಾನೂ ಕಾಲೇಜಿನಿಂದ ಗೆಳೆಯರು. ಅವನ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಊರವರೆಲ್ಲ ಹೇಳುತ್ತಿದ್ದಾರೆ. ಬರೆಯಲು ಕುಳಿತರೆ ಗುಣಗಾನದ ಒಂದು ಸಾಲೂ ಬರಲೊಲ್ಲದು. ಅವನು ಹೋಗುವ ಹಿಂದಿನ ವಾರ ನಾವಿಬ್ಬರೂ ಸೇರಿ ನನ್ನ ಮನೆಯನ್ನು ತಂಪು ಮಾಡಿದ ಕಥೆಯೊಂದೇ ನುಗ್ಗಿ ನುಗ್ಗಿ ಬರುತ್ತಿದೆ. ಅದೋ, ನಗುವ ಕಥೆ! ಅಳುಕುತ್ತಲೇ ಅವನ ಹೆಂಡತಿಯನ್ನು ಕೇಳಿದೆ. ಆಕೆ ಕಣ್ಣೊರೆಸಿಕೊಂಡು, "ಅದನ್ನ ಬರೀರಿ ಅಣ್ಣಾರ. ಊಟಕ್ಕ ಕುಂತು ಅದನ್ನ ಹೇಳಿ ಹೇಳಿ ನಕ್ಕು, ಅನ್ನ ನೆತ್ತಿಗೇರಿಸಿಕೊಂಡಿದ್ರು" ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ಕಥೆ ಶುರುವಾದದ್ದು ನನ್ನ ಬಾಯಿಂದ. ಮಗಳು ಅಮೃತಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೊರಗೆ ಏಪ್ರಿಲ್ಲಿನ ಬಿಸಿಲು. ಬೀದಿಯ ನಾಯಿಗಳು ಕೂಡ ಬೊಗಳುವುದನ್ನು ಸಂಜೆಗೆ ಮುಂದೂಡಿದ್ದವು. ನಮ್ಮದು ಅಪ್ಪನ ಕಾಲದ ಮಣ್ಣಿನ ಮಾಳಿಗೆ ಮನೆ; ಮಾಳಿಗೆ ಮನೆ ಬೇಸಿಗೆಯಲ್ಲಿ ತಂಪು ಎಂದು ನೀವು ಹೇಳುತ್ತೀರಿ, ನಾನೂ ಹೇಳುತ್ತಿದ್ದೆ. ಆದರೆ ಮಳೆಗಾಲಕ್ಕೆ ಸೋರುತ್ತದೆಂದು ಅದರ ಮೇಲೊಂದು ಸಿಮೆಂಟಿನ ಪದರ ಬಳಿಸಿದ ಪುಣ್ಯಾತ್ಮ ನಾನೇ. ಅಂದಿನಿಂದ ಮಾಳಿಗೆ ಹೋಗಿ ರೊಟ್ಟಿಯ ಹಂಚಾಗಿತ್ತು, ಕೆಳಗಿದ್ದ ನಾವು ಅದರ ಒಲೆಯಾಗಿದ್ದೆವು.

ದಾವಣಗೆರೆಯ ಅಳಿಯ ಫೋನು ಮಾಡಿ, ಒಂದು ಏಸಿ ಕೊಂಡು ಕಳಿಸುತ್ತೇನೆ, ಬಾಣಂತಿ ಕೋಣೆಗೆ ಹಾಕಿಸಿರಿ ಎಂದ. ನನಗೆ ರೋಷ ಉಕ್ಕಿತು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು! ಮಣ್ಣು, ನೀರು, ಗಾಳಿಗಳಿಂದಲೇ ಅರಮನೆಗಳನ್ನು ತಂಪಾಗಿಟ್ಟ ಅರಸರ ಕಥೆಗಳನ್ನು ಹೇಳಿ ಹುಡುಗರನ್ನು ಪಾಸು ಮಾಡಿಸಿದವನು! ಪಡಸಾಲೆಯಲ್ಲಿ ನಿಂತು ಘೋಷಿಸಿಯೇ ಬಿಟ್ಟೆ: ಈ ಮನೆಗೆ ಏಸಿ ಬರುವುದಿಲ್ಲ, ಒಂದು ಯೂನಿಟ್ಟು ಕರೆಂಟೂ ಹೆಚ್ಚು ಸುಡದೆ ವಾರದೊಳಗೆ ಈ ಮನೆಯನ್ನು ಊಟಿ ಮಾಡುತ್ತೇನೆ, ಅಳಿಯ ಕಳಿಸಿದ ತಂಪಿನಲ್ಲಿ ಮಾವ ನಿದ್ದೆ ಮಾಡುವುದೇ?

ನನ್ನ ಹೆಂಡತಿ ವಾಣಿಶ್ರೀ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ.

"ನೀವು ನಿದ್ದಿ ಮಾಡಬ್ಯಾಡ್ರಿ. ಮಗಳು ಮಾಡ್ಲಿ."

ಕೋಣೆಯ ಒಳಗಿನಿಂದ ಮಗಳ ದನಿಯೂ ಬಂತು. "ಅಪ್ಪಾ, ಭಾನುವಾರದ ತನಕ ನೋಡ್ತೀನಿ. ಆಗಲಿಲ್ಲಂದ್ರ ಸೋಮವಾರ ಕಾರು ತರಿಸಿಕೊಂಡು ಹೋಗಾಕಿ ನಾನು. ಕೂಸು ಮಧ್ಯಾನ್ನ ಪೂರಾ ಅಳತೈತಿ, ನಂಗೂ ನೋಡಾಕ ಆಗಂಗಿಲ್ಲ."

ಇದು ತಮಾಷೆಯ ಮಾತಲ್ಲ. ಮೊದಲ ಬಾಣಂತನ ತವರಿನದು. ಅರ್ಧಕ್ಕೇ ಮಗಳು ಎದ್ದು ಹೋದರೆ ಕೇಳಿದವರಿಗೆ ಏನು ಹೇಳುವುದು ಎಂಬುದು ವಾಣಿಶ್ರೀಯ ಚಿಂತೆ. ನನ್ನ ಚಿಂತೆ ಬೇರೆ. ನಮ್ಮಲ್ಲಿ ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಸಂಜೆ ಒಂದು ಗಳಿಗೆ ಕೂಸನ್ನು ಹೊರಗೆ ತಂದು ತೋರಿಸಿ ಮತ್ತೆ ಒಳಗೆ ಒಯ್ಯುತ್ತಿದ್ದರು. ಮೊಮ್ಮಗನ ಮುಖ ಇನ್ನೂ ನನಗೆ ಬಾಯಿಪಾಠವಾಗಿರಲಿಲ್ಲ. ಅಷ್ಟರಲ್ಲೇ ಹೋಗಿಬಿಟ್ಟರೆ?

ಗವಿಸಿದ್ದೇಶನಲ್ಲಿಗೆ ಓಡಿದೆ.

ಅವನು ಬಿ.ಎ. ಓದಿದ ಹೂವಿನ ದಲ್ಲಾಳಿ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಗ್ರಂಥಾಲಯದ ಪುಸ್ತಕ ಓದುತ್ತಲೇ ವ್ಯಾಪಾರ ಮಾಡುತ್ತಿದ್ದ. ನಸುಕಿನಲ್ಲಿ ಬಿಡಿಸಿದ ಮಲ್ಲಿಗೆ ಮೊಗ್ಗು ಅವನ ಅಂಗಡಿಗೆ ಬಂದು, ಒದ್ದೆ ಬಟ್ಟೆ ಸುತ್ತಿಸಿಕೊಂಡು, ಬಸ್ಸಿನ ಮೇಲೇರಿ ದಾವಣಗೆರೆ, ಹೊಸಪೇಟೆಗಳಿಗೆ ಹೋಗುತ್ತಿತ್ತು. ನನ್ನ ಸಂಕಟ ಕೇಳಿದ್ದೇ ತಡ, ಪುಸ್ತಕ ಮುಚ್ಚಿ ಎದ್ದು ನಿಂತ. ಕಣ್ಣು ಹೊಳೆಯುತ್ತಿದ್ದವು. ಇಷ್ಟು ವರ್ಷ ಯಾರೂ ತನ್ನನ್ನು ಈ ಪ್ರಶ್ನೆ ಕೇಳಲಿಲ್ಲವಲ್ಲ ಎಂಬ ಆನಂದ ಅವನಿಗೆ!

"ಲೇ ಗುರು, ಉರಿ ಬಿಸಿಲಾಗ ಬಸ್ಸಿನ ಟಾಪಿನ ಮ್ಯಾಲೆ ಹೋದ ಮೊಗ್ಗು ದಾವಣಗೇರಿ ಮುಟ್ಟೋ ತನಕ ಬಾಯಿ ಬಿಡಂಗಿಲ್ಲ. ಯಾಕ? ಹಸಿ ಬಟ್ಟಿ. ನಿನ್ನ ಮನಿ ಅಂದ್ರೇನು? ಒಂದು ದೊಡ್ಡ ಹೂವಿನ ಪುಟ್ಟಿ. ಅಷ್ಟ."

ಅಷ್ಟೇ! ಎಷ್ಟು ಸರಳ! ನಾನು ನೀರು ಆವಿಯಾಗುವಾಗ ಬಿಸಿಯನ್ನು ಹೀರುತ್ತದೆಂಬ ಶಾಸ್ತ್ರವನ್ನು ಜೋಡಿಸಿದೆ, ಅವನು ಅಂಗಡಿಯ ಹಳೆಯ ಗೋಣಿಚೀಲಗಳನ್ನು ಜೋಡಿಸಿದ. ಮರುದಿನ ಬೆಳಗಿನಿಂದಲೇ ಕೆಲಸ ಶುರು. ಮಾಳಿಗೆಯ ಮೇಲೆ ಗೋಣಿಚೀಲ ಹಾಸಿ ಕೊಡಗಟ್ಟಲೆ ನೀರು ಸುರಿದೆವು. ಕಿಟಕಿಗೆ ಒದ್ದೆ ಚೀಲದ ಪರದೆ. ಬಾಗಿಲಿಗೂ ಒಂದು. ಅಂಚೆಯವನು ಕಾಗದ ಕೊಡಲು ಚೀಲ ಸರಿಸಿದವನು ಮೈಯೆಲ್ಲ ಒದ್ದೆಯಾಗಿ, ಒಳಗೆ ಹೂ ತೂಗುತ್ತಿದ್ದೀರಾ ಎಂದು ಕೇಳಿ ಹೋದ. ಬಾಣಂತಿ ಕೋಣೆಯ ಸೂರಿನಲ್ಲಿ ಬೆಳಕು ಬರಲು ಒಂದು ಗವಾಕ್ಷಿಯಿದೆ, ಮಡಕೆಯ ಬಾಯಿಗಿಂತ ತುಸು ದೊಡ್ಡದು. ಅದರಿಂದ ದಾರ ಕಟ್ಟಿ ಒಂದು ಉಷ್ಣಮಾಪಕವನ್ನು ಒಳಗೆ ಇಳಿಬಿಟ್ಟೆವು. ಒಳಗೆ ಹೋಗುವಂತಿಲ್ಲವಲ್ಲ! ಗಳಿಗೆಗೊಮ್ಮೆ ಬಾವಿಯಿಂದ ಕೊಡ ಸೇದುವಂತೆ ಅದನ್ನು ಮೇಲಕ್ಕೆ ಸೇದಿ ನೋಡುವುದು, ಮತ್ತೆ ಇಳಿಬಿಡುವುದು. ಮೊದಲ ದಿನ ಸಂಜೆ ಅದು ನಿಜವಾಗಿಯೂ ಇಳಿದಿತ್ತು. ಗವಿಸಿದ್ದೇಶ ನನ್ನ ಬೆನ್ನಿಗೆ ಬಾರಿಸಿದ ಏಟಿಗೆ ನಾನೇ ಗವಾಕ್ಷಿಯಿಂದ ಒಳಗೆ ಇಳಿಯುವುದಿತ್ತು.

ನಮಗೆ ಆಗ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನೀವೂ ನಮ್ಮಂತೆ ಮೂರ್ಖರಾಗುತ್ತೀರಿ.

ಆ ಕೋಣೆಯ ಒಡೆತನ ನಮ್ಮವ್ವ ಕಲ್ಯಾಣಮ್ಮನದು. ಮನೆತನದ ಎಲ್ಲ ಬಾಣಂತನಗಳನ್ನೂ ಅವಳೇ ಮಾಡಿದವಳು. ಬಾಣಂತಿಗೆ ತಂಡಿ ಹತ್ತಬಾರದು ಎಂಬುದು ಅವಳ ಪಾಲಿಗೆ ವೇದವಾಕ್ಯ. ಎರಡನೆಯ ದಿನವೂ ಸೂರಿನ ಮೇಲೆ ನೀರು ಸುರಿಯುವ ಸದ್ದು ಕೇಳಿದಾಗ ಅವಳು ಜಗಳವಾಡಲಿಲ್ಲ. ಅವಳು ಜಗಳವಾಡುವವಳೇ ಅಲ್ಲ. ಸುಮ್ಮನೆ ಅಡುಗೆಮನೆಗೆ ಹೋಗಿ ಅಗ್ಗಿಷ್ಟಿಕೆ ತುಂಬ ಕೆಂಡ ತಂದು ಅಮೃತಾ ಮಲಗುವ ಹೊರಸಿನ ಕೆಳಗೆ ಇಟ್ಟಳು. ಇದ್ಯಾಕಜ್ಜಿ ಎಂದು ಮೊಮ್ಮಗಳು ಕೇಳಿದರೆ ಏನು ಹೇಳಬೇಕು? "ನಿಮ್ಮಪ್ಪನ ಲೆಕ್ಕ ಇದು. ಮ್ಯಾಲೆ ತಂಪು, ಕೆಳಗ ಬಿಸಿ. ಎರಡೂ ಕೂಡಿದ್ರ ಹದ" ಅಂದಳಂತೆ! ಪುಸ್ತಕ ಓದುವ ಅಪ್ಪ ಇಂಥದ್ದನ್ನು ಹೇಳಿರಲಿಕ್ಕೂ ಸಾಕು ಎಂದು ಮಗಳು ನಂಬಿಬಿಟ್ಟಳು. ನನ್ನ ವಿದ್ವತ್ತಿನ ಮೇಲೆ ಅವಳಿಗಿದ್ದ ಗೌರವ ಅಂಥದ್ದು.

ಈಗ ನಮ್ಮ ಮಹಾಯುದ್ಧ ನೋಡಿರಿ. ನಾವು ಉಷ್ಣಮಾಪಕ ಸೇದುತ್ತೇವೆ, ಅದು ಏರಿದೆ. ಗಾಬರಿಯಾಗಿ ಇನ್ನಷ್ಟು ನೀರು ಸುರಿಯುತ್ತೇವೆ. ನೀರಿನ ಸದ್ದಿಗೆ ಅವ್ವ ಇನ್ನಷ್ಟು ಕೆಂಡ ಹಾಕುತ್ತಾಳೆ. ಕೆಂಡದ ಕಾವಿಗೆ ಮಾಪಕ ಇನ್ನಷ್ಟು ಏರುತ್ತದೆ. ನಾವು ಮತ್ತೆ ಕೊಡ ಎತ್ತುತ್ತೇವೆ!

ಗುರುವಾರ ಗವಿಸಿದ್ದೇಶ ಮಾಪಕವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಬಿಸಿಲಿಗೆ ಹಿಡಿದ. ಮತ್ತೆ ನೋಡಿದ.

"ಗುರು, ಬಿಸಿಲಾಗ ಇಟ್ರ ಇದು ಇಳಿಯಾಕತ್ತೈತಲ್ಲೋ."

ಇತಿಹಾಸದ ಮೇಷ್ಟರಿಗೆ ಉತ್ತರ ಇಲ್ಲದ ಪ್ರಶ್ನೆ ಉಂಟೇ? ಗೋಡೆಗಳು ಹಳೆಯವು, ಎಷ್ಟೋ ಬೇಸಿಗೆಗಳ ಬಿಸಿಯನ್ನು ಕುಡಿದು ಕೂತಿವೆ. ನಮ್ಮ ತಂಪಿನ ದಾಳಿಗೆ ಹೆದರಿ ಅದನ್ನೆಲ್ಲ ಈಗ ಕಾರುತ್ತಿವೆ. ಇದು ವೈರಿಯ ಕೊನೆಯ ಹೋರಾಟ, ಸೋಲಿನ ಲಕ್ಷಣ ಎಂದು ವಿವರಿಸಿದೆ. ಅವನಿಗೆ ಒಪ್ಪಿಗೆಯಾಯಿತು. ಅಂಗಡಿಯಿಂದ ಉಳಿದ ಚೀಲಗಳನ್ನೂ ತರಿಸಿದ. ಆ ವಾರ ಹಡಗಲಿಯ ಮಲ್ಲಿಗೆ ಏನು ಸುತ್ತಿಕೊಂಡು ಹೋಯಿತೋ ನಾನರಿಯೆ.

ವಾಣಿಶ್ರೀಗೆ ಇದೆಲ್ಲ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಆಮೇಲೆ ಕೇಳಿದೆ. ಕೆಂಡ ಹೋಗುತ್ತಿದ್ದದ್ದು ಅವಳ ಒಲೆಯಿಂದಲೇ. "ನಂಗೊತ್ತಿತ್ತು. ನೀವು ಕೇಳಿದ್ರ ಹೇಳ್ತಿದ್ದೆ. ನೀವು ಗ್ವಾಡೀನ ಕೇಳಿದ್ರಿ" ಎಂದಳು.

ಶನಿವಾರ ಬಂತು. ಕೂಸು ಅಳುವುದು ನಿಂತಿರಲಿಲ್ಲ. ಅಮೃತಾಳ ಬಟ್ಟೆಗಳು ಹೊರಗಿನ ಹಗ್ಗದಿಂದ ಒಂದೊಂದಾಗಿ ಮಾಯವಾಗಿ ಚೀಲ ಸೇರುತ್ತಿದ್ದುದನ್ನು ನಾನು ನೋಡಿದ್ದೆ. ಇನ್ನೊಂದೇ ದಿನ! ಕೊನೆಯ ಅಸ್ತ್ರವೆಂದು ಗವಾಕ್ಷಿಯ ಬಾಯಿಗೇ ಒಂದು ದಪ್ಪ ಒದ್ದೆ ಚೀಲ ಹೊದಿಸಿದೆವು. ಮೇಲಿನ ಗಾಳಿ ಚೀಲದ ತೇವ ಹಾಯ್ದು ಹಿಮವಾಗಿ ಒಳಗಿಳಿಯಬೇಕು ಎಂಬುದು ನಮ್ಮ ಯೋಜನೆ.

ಅದೇ ಹೊತ್ತಿಗೆ ಕೆಳಗೆ ಕೂಸಿನ ಸ್ನಾನ. ಅಮೃತಾ ಕೂಸನ್ನು ಎತ್ತಿಕೊಂಡು ಹಿತ್ತಲ ಬಚ್ಚಲಿಗೆ ಹೋಗಿದ್ದಳು. ಅವರು ಬರುವಷ್ಟರಲ್ಲಿ ಕೋಣೆಗೆ ಹೊಗೆ ಹಾಕಿಡುವುದು ಅವ್ವನ ದಿನದ ಪದ್ಧತಿ. ಕೆಂಡದ ಮೇಲೆ ಲೋಬಾನ, ಓಮಕಾಳು, ಬೆಳ್ಳುಳ್ಳಿ ಸಿಪ್ಪೆ. ಆ ಹೊಗೆ ದಿನವೂ ನಾವು ಮಾಳಿಗೆ ಹತ್ತುವ ಮೊದಲೇ ಗವಾಕ್ಷಿಯಿಂದ ಹೊರಗೆ ಹೋಗಿರುತ್ತಿತ್ತು. ಇವತ್ತು ಸ್ನಾನ ತಡವಾಗಿತ್ತು, ಗವಾಕ್ಷಿಗೆ ಚೀಲ.

ಮಾಳಿಗೆಯ ಮೇಲಿದ್ದ ನಮಗೆ ಚೀಲದ ನೂಲುನೂಲಿನಿಂದಲೂ ಬೆಳ್ಳಗೆ ಏನೋ ಏಳುವುದು ಕಾಣಿಸಿತು. ಗವಿಸಿದ್ದೇಶ ನನ್ನ ತೋಳು ಹಿಡಿದ.

"ನೋಡಲೇ ಗುರು. ಬಿಸಿ ಹೊಂಟೈತಿ. ಮನಿ ಬಿಟ್ಟು ಹೊಂಟೈತಿ."

ನನಗೆ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳುವುದಿಲ್ಲ, ಆ ಹಬೆಗೆ ಕೈ ಮುಗಿದೆ. ವಾರದ ತಪಸ್ಸು ಫಲಿಸಿತು! ಕೆಳಗೆ ಓಡಿಹೋಗಿ ಮಗಳ ಚೀಲ ಬಿಚ್ಚಿಸಬೇಕು ಎಂದುಕೊಳ್ಳುವಷ್ಟರಲ್ಲಿ, ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಕಾಯುತ್ತ ಕುಳಿತಿದ್ದ ನೆರೆಯ ಕೊಟ್ರಬಸಪ್ಪ ನಿಧಾನವಾಗಿ ಎದ್ದು ನಿಂತ.

"ಮಾಸ್ತರ, ನಿಮ್ಮ ಮನಿಗೆ ಬೆಂಕಿ ಬಿದ್ದಂಗೈತಿ."

ಅದು ಹಬೆ, ಬಿಸಿ ಹೊರಗೆ ಹೋಗುತ್ತಿದೆ ಎಂದು ನಾನು ಕರುಣೆಯಿಂದ ತಿಳಿಸಿದೆ.

ಅವನು ಮೂಗೆಳೆದ. "ಹಬಿ ಬೆಳ್ಳುಳ್ಳಿ ನಾರತೈತೇನ್ರಿ?"

ನಾನೂ ಮೂಗೆಳೆದೆ. ಗವಿಸಿದ್ದೇಶನೂ ಎಳೆದ. ಚೀಲವನ್ನು ಕಿತ್ತು ಬಿಸಾಡಿದೆವು. ಹೊಗೆಯ ಕಂಬವೊಂದು ಎದ್ದು ನಮ್ಮಿಬ್ಬರ ನಡುವೆ ನಿಂತಿತು. ಗವಾಕ್ಷಿಯೊಳಗೆ ಇಣುಕಿದರೆ ಹೊರಸಿನ ಕೆಳಗೆ ಕೆಂಪು ಕೆಂಪು. ನನ್ನ ಮಗಳು! ಕೂಸು! ಅವರು ಬಚ್ಚಲಲ್ಲಿದ್ದಾರೆಂದು ನನಗೇನು ಗೊತ್ತು? ತುಂಬಿಟ್ಟಿದ್ದ ಕೊಡಗಳನ್ನೆಲ್ಲ ಇಬ್ಬರೂ ಗವಾಕ್ಷಿಗೆ ಬಗ್ಗಿಸಿದೆವು. ಒಳಗಿನಿಂದ ಚುಂಯ್ ಎಂದು ಒಂದು ದೊಡ್ಡ ಸದ್ದು, ಬೂದಿಯ ಮೋಡ, ಅದರೊಳಗಿನಿಂದ ನಮ್ಮವ್ವನ ಕೆಮ್ಮು. ನಾನು ಇನ್ನೊಂದು ಕೊಡ ಹಿಡಿದು ಗವಾಕ್ಷಿಯ ಅಂಚಿಗೆ ಹಾರಿದೆ.

ಮಣ್ಣಿನ ಮಾಳಿಗೆಯನ್ನು ಗೊತ್ತಿದ್ದವರು ಮುಂದಿನದನ್ನು ಆಗಲೇ ಊಹಿಸಿರುತ್ತೀರಿ. ಮಣ್ಣಿನ ಮಾಳಿಗೆಗೆ ನೀರು ಕುಡಿಸಬಾರದು. ಮೇಲೆ ಹಾಕಿದ ಸಿಮೆಂಟು ಬಿರುಕು ಬಿಟ್ಟಿತ್ತು. ಆ ಬಿರುಕುಗಳಿಂದ ವಾರವಿಡೀ ನೀರು ಕುಡಿದ ಮಣ್ಣು ಒಳಗೊಳಗೇ ಅಂಬಲಿಯಾಗಿತ್ತು. ಅದರ ಮೇಲೆ ನನ್ನ ದೇಹ, ದೇಹದ ಮೇಲೆ ತುಂಬಿದ ಕೊಡ! ಧಸಕ್ಕೆಂದಿತು. ಕಣ್ಣು ಬಿಟ್ಟರೆ ಸೊಂಟದಿಂದ ಮೇಲಿನ ನಾನು ಮಾಳಿಗೆಯ ಮೇಲಿದ್ದೆ. ಕೆಳಗಿನ ನಾನು, ಗಂಡಸರು ಕಾಲಿಡಬಾರದ ಬಾಣಂತಿ ಕೋಣೆಯಲ್ಲಿ ಎರಡೂ ಕಾಲಿಟ್ಟಿದ್ದೆ.

ಮೇಲೆ ಗವಿಸಿದ್ದೇಶ ನನ್ನ ಕಂಕುಳಿಗೆ ಕೈ ಹಾಕಿ ಎಳೆಯಲು ಬಂದವನು, ನನ್ನ ಮುಖ ನೋಡಿ ಕುಸಿದು ಕುಳಿತ. ನಗುವಿನಿಂದ ಅವನ ಕೈಗೆ ಬಲವೇ ಇಲ್ಲ. ನಾನು ಅವನನ್ನು ಬೈದೆ. ಬೈದಷ್ಟೂ ನಕ್ಕ. ಈಗ ಬರೆಯುವಾಗ ನನಗೆ ಕಾಣುತ್ತಿರುವುದು ಆ ಮುಖ: ಬೂದಿ ಮೆತ್ತಿದ ಮೀಸೆ, ಕಣ್ಣಿಂದ ಇಳಿಯುತ್ತಿದ್ದ ನೀರು ಮಾಡಿದ ಎರಡು ಗೆರೆ.

ಕೆಳಗೆ ಬಾಗಿಲು ತೆರೆದ ಸದ್ದಾಯಿತು. ವಾಣಿಶ್ರೀ, ಅಮೃತಾ, ಮಿಂದ ಕೂಸು, ಮೂವರೂ ಬಂದು ನಿಂತಿದ್ದರಂತೆ. ಹೊಗೆ ತಿಳಿಯಾದಾಗ ಸೂರಿನಿಂದ ಎರಡು ಕಾಲು ಇಳಿಬಿದ್ದಿದ್ದವು. ನಮ್ಮವ್ವ ತೊಯ್ದ ಸೆರಗನ್ನು ಹಿಂಡಿಕೊಂಡು ಹತ್ತಿರ ಬಂದು, ಸಂತೆಯಲ್ಲಿ ಸೌತೆಕಾಯಿ ಹಿಡಿದು ನೋಡುವಂತೆ ನನ್ನ ಪಾದ ಹಿಡಿದು ನೋಡಿದಳು. ಅವಳ ದನಿ ಮೇಲೆ ನನಗೂ ಕೇಳಿಸಿತು.

"ಗುರುಂದ ಕಾಲು. ಐಸಿನ ಗಡ್ಡಿ ಆಗ್ಯಾವು. ನೋಡವ್ವಾ ಅಮೃತಾ, ತಂಡಿ ಹತ್ತೋದು ಅಂದ್ರ ಹಿಂಗ."

ಅಮೃತಾ ನಕ್ಕಳು. ಬಾಣಂತಿ ಹಾಗೆ ನಗಬಾರದೆಂದು ಅವ್ವ ಗದರಿಸುವಷ್ಟು ನಕ್ಕಳು. ಕೊಟ್ರಬಸಪ್ಪ ಸಂಡಿಗೆ ಬಿಟ್ಟು ಮಾಳಿಗೆ ದಾಟಿ ಬಂದು ಮೇಲಿನಿಂದ ಎಳೆದ, ವಾಣಿಶ್ರೀ ಒನಕೆಯ ತುದಿಯಿಂದ ಕೆಳಗಿನಿಂದ ನೂಕಿದಳು. ಆ ನೂಕಿನಲ್ಲಿ ಅವಳ ಸಂಸಾರದ ಹಳೆಯ ಸಿಟ್ಟೆಲ್ಲ ಇತ್ತು. ಹೊರಗೆ ಬಂದ ನನ್ನ ಕಾಲುಗಳಿಗೆ ಬಾಣಂತಿಗೆಂದು ಕಾಸಿದ್ದ ಬೆಳ್ಳುಳ್ಳಿ ಎಣ್ಣೆಯನ್ನು ಅವ್ವ ತಿಕ್ಕಿದಳು. ಆಗಲೇ ಒಂದೊಂದಾಗಿ ಕೆಂಡದ ಸಂಗತಿ ಹೊರಬಿತ್ತು. ಬೈಯಲು ಬಾಯಿ ತೆರೆದೆ. ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವ ಮಗ ತಾಯಿಯನ್ನು ಬೈಯುವುದು ಹೇಗೆ?

ಊಟಿಯಾಗಬೇಕಿದ್ದ ಮನೆ ಕೆಸರುಗದ್ದೆಯಾಯಿತು. ಕೋಣೆಯ ಸೂರಿನಲ್ಲಿ ಆಕಾಶ ಕಾಣುತ್ತಿತ್ತು. ಅಮೃತಾಳನ್ನೂ ಕೂಸನ್ನೂ ಪಡಸಾಲೆಗೆ ಸಾಗಿಸಿದೆವು. ಭಾನುವಾರವಿಡೀ ಗವಿಸಿದ್ದೇಶನೂ ನಾನೂ ಕೆಸರು ಹೊತ್ತೆವು. ಮಗಳ ನಗು ಕಂಡು ನನಗೊಂದು ಆಸೆ ಹುಟ್ಟಿತ್ತು. ಆದರೆ ಸಂಜೆ ಅವಳು ಗಂಡನಿಗೆ ಫೋನಿನಲ್ಲಿ, ಬೆಳಿಗ್ಗೆ ಬಿಸಿಲೇರುವ ಮೊದಲೇ ಬನ್ನಿ ಎನ್ನುವುದು ಕೇಳಿಸಿತು. ಅವಳದು ತಪ್ಪಲ್ಲ. ನಕ್ಕರೆ ಕೂಸಿನ ಸೆಕೆ ಹೋಗುವುದಿಲ್ಲ.

ಮೊದಲಿಗೆ ಹೇಳಿದ ಅದೇ ಸೋಮವಾರ, ಬೆಳಿಗ್ಗೆ ಅಳಿಯ ಬಂದ. ಕಾರನ್ನು ಬಾಗಿಲಲ್ಲೇ ನಿಲ್ಲಿಸಿ, ಒಳಗೆ ತಂಪಾಗಿರಲೆಂದು ಇಂಜಿನ್ ಆರಿಸದೆ ಬಿಟ್ಟಿದ್ದ. ಆ ಗುರ್ರೆನ್ನುವ ಸದ್ದು ನನ್ನನ್ನೇ ಅಣಕಿಸುವಂತಿತ್ತು. ಚೀಲಗಳು ಹೊಸ್ತಿಲಿಗೆ ಬಂದವು. ಕೂಸು ನಸುಕಿನಿಂದ ಅಳುತ್ತಿತ್ತು. ಅವ್ವ ಅದನ್ನು ಪ್ರಯಾಣಕ್ಕೆ ಸಿದ್ಧಮಾಡಿದ್ದಳು: ಮೈಗೆ ಎರಡು ಸುತ್ತು ಬಟ್ಟೆ, ತಲೆಗೆ ಕಿವಿ ಮುಚ್ಚುವ ಉಣ್ಣೆಯ ಕುಂಚಿಗೆ, ಗದ್ದದ ಕೆಳಗೆ ಬಿಗಿಯಾದ ಗಂಟು. ಕಾರಿನೊಳಗೆ ತಂಡಿ ಇರುತ್ತದಂತೆ. ಆ ಗಂಟಿಗೆ ಕೈ ಹಾಕುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಅಂಗಡಿಗೆ ಹೋಗುವ ದಾರಿಯಲ್ಲಿ ಗವಿಸಿದ್ದೇಶ ಒಳಗೆ ಬಂದ. ಬರಿಗೈಯಲ್ಲಿ ಬಂದಿದ್ದ. ಕಾರು ನೋಡಿದ, ಚೀಲ ನೋಡಿದ, ನನ್ನ ಮುಖ ನೋಡಿದ. ಕಂಬಕ್ಕೆ ಒರಗಿ ನೆಲದ ಮೇಲೆ ಕುಳಿತು ನಮ್ಮವ್ವನ ಕಡೆ ಎರಡೂ ಕೈ ಚಾಚಿದ.

"ಅವ್ವಾ, ಒಂದು ಗಳಿಗಿ ನಂಗ ಕೊಡ್ರಿ."

ಅವ್ವ ಕೊಟ್ಟಳು. ಅವನು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಯಾರನ್ನೂ ಕೇಳದೆ, ನಿಧಾನವಾಗಿ, ಮಲ್ಲಿಗೆಯ ದಂಡೆ ಬಿಚ್ಚುವಂತೆ, ಗದ್ದದ ಕೆಳಗಿನ ಗಂಟು ಬಿಚ್ಚಿ ಕುಂಚಿಗೆ ತೆಗೆದ. ಒಳಗೆ ಎಳೆಯ ಕೂದಲು ಬೆವರಿಗೆ ತಲೆಗೆ ಅಂಟಿತ್ತು. ಅವನು ಬಾಗಿ ಆ ನೆತ್ತಿಯ ಮೇಲೆ ಮೆಲ್ಲಗೆ ಊದಿದ.

ಕೂಸು ಅಳುವುದನ್ನು ಅರ್ಧಕ್ಕೆ ನಿಲ್ಲಿಸಿತು. ಬಾಯಿ ತೆರೆದೇ ಇತ್ತು. ಅವನು ಮತ್ತೆ ಊದಿದ. ಕಣ್ಣು ಮೇಲೆ ಮಾಡಿ ಯಾರಿದು ಎನ್ನುವಂತೆ ನೋಡಿತು. ಮತ್ತೆ ಊದಿದ. ರೆಪ್ಪೆ ಇಳಿಯಿತು.

ಅಳಿಯ ಹೊರಗೆ ಹೋಗಿ ಇಂಜಿನ್ ಆರಿಸಿ ಬಂದ. ಅವ್ವ ಬಹಳ ಹೊತ್ತು ಆ ಬೆವರಿನ ತಲೆಯನ್ನೇ ನೋಡಿದಳು. ಆಮೇಲೆ ಬಾಗಿ ಕುಂಚಿಗೆಯನ್ನು ಎತ್ತಿಕೊಂಡು, ಮಡಚಿ, ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಲ್ಲೇ ಇರವ್ವಾ ಅಮೃತಾ. ಇನ್ನ ಮ್ಯಾಲೆ ಮಧ್ಯಾನ್ನ ಕೆಂಡ ಇಡಂಗಿಲ್ಲ."

ಅಮೃತಾ ಅಜ್ಜಿಯನ್ನು ನೋಡಿದಳು, ಮಲಗಿದ ಕೂಸನ್ನು ನೋಡಿದಳು. ಗಂಡನ ಕಡೆ ತಿರುಗಿ, "ನೀವು ಉಂಡು ಹೊಂಡ್ರಿ" ಎಂದು, ಹೊಸ್ತಿಲಲ್ಲಿದ್ದ ಚೀಲವನ್ನು ಎತ್ತಿ ಒಳಗೆ ತಂದಿಟ್ಟಳು.

ನಾನು ಗವಿಸಿದ್ದೇಶನ ಪಕ್ಕ ಹೋಗಿ ಕುಳಿತೆ. ವಾರವಿಡೀ ಹೊತ್ತ ಕೊಡಗಳು, ಚೀಲಗಳು, ಶಾಸ್ತ್ರ, ಸೂರಿನಲ್ಲಿ ಆಗಿದ್ದ ತೂತು, ಎಲ್ಲವೂ ಒಮ್ಮೆಗೇ ನೆನಪಾದವು. ಇಷ್ಟೇ ಸಾಕಾಗಿತ್ತೇನಲೇ ಎಂದು ಅವನ ಕಿವಿಯಲ್ಲಿ ಕೇಳಿದೆ.

ಅವನು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದ. ಆಮೇಲೆ ಬಾಗಿ, ಇನ್ನೊಮ್ಮೆ ಊದಿದ.